ಹೈನುಗಾರಿಕೆ ಮತ್ತು ಮನೆಯ ಶೌಚಾಲಯ

(ಸಿರಿಗೆರೆಯ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ಕಕ್ಕಸಿನ ಮಾತು ಏಕೆ ತೆಗೆದರು ಎಂದು ತಾವು ನಗಬಹುದು. ಆದರೆ ಹಸುವಿಗೆ ಹುಲ್ಲು ಕೊಯ್ಯುವುದು ಬದುವಿನಲ್ಲಿ. ನಾವು ತಂಬಿಗೆ ಹಿಡಿದು ಹೋಗುವುದೂ ಅದೇ ಬದುವಿಗೆ.

ಲಾಡಿಹುಳು ಬೆಳೆಯುವುದು ಮನುಷ್ಯನ ಕರುಳಿನಲ್ಲಿ. ಅದರ ಮೊಟ್ಟೆಗಳು ಮಲದೊಡನೆ ಬಿದ್ದು, ಹುಲ್ಲಿಗಂಟಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಒಂದು ಜಾತಿಯ ಮೊಟ್ಟೆ ದನದ ಹೊಟ್ಟೆ ಸೇರಿದರೆ ಮಾಂಸಖಂಡದಲ್ಲಿ ಗುಳ್ಳೆ ಕಟ್ಟುತ್ತದೆ. ಹಂದಿಯಿಂದ ಬರುವ ಇನ್ನೊಂದು ಜಾತಿ ಇನ್ನೂ ಕೆಟ್ಟದ್ದು. ಅದರ ಮೊಟ್ಟೆ ತೊಳೆಯದ ಸೊಪ್ಪಿನಿಂದಲೋ ಕೈಯಿಂದಲೋ ನಮ್ಮ ಹೊಟ್ಟೆಗೆ ಹೋದರೆ ಗುಳ್ಳೆ ಮಿದುಳಿನಲ್ಲಿಯೂ ಕಟ್ಟಬಹುದು, ಮೂರ್ಛೆ ಬರಬಹುದು. 'ನಾವು ಮಾಂಸ ಮುಟ್ಟುವವರಲ್ಲ, ನಮಗೇನು?' ಎನ್ನುವ ಮನೆಗೂ ಇದು ಬರುತ್ತದೆ. ಊರಿನಲ್ಲಿ ಯಾರೋ ಒಬ್ಬರ ಹೊಟ್ಟೆಯಲ್ಲಿ ಹುಳುವಿದ್ದು, ಅವರು ಬಯಲಿಗೆ ಹೋದರೆ ಸಾಕು.

ಹಾಲಿನ ಮಾತೂ ಅಷ್ಟೇ. ಬಯಲಿನಿಂದ ಬಂದು, ಕೈಗೆ ಮಣ್ಣು ಉಜ್ಜಿಕೊಂಡು ಕೆಚ್ಚಲಿಗೆ ಕೈಹಾಕಿದರೆ ಆ ಹಾಲು ಇಡೀ ಸಂಘದ ಹಾಲಿನೊಡನೆ ಬೆರೆಯುತ್ತದೆ. ಸೋಪು ಹಚ್ಚಿಯೇ ಕರೆಯಿರಿ.

ಕೇಂದ್ರದ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮ ಬಂದದ್ದು 1986ರಲ್ಲಿ. 1999ರಲ್ಲಿ ಸಂಪೂರ್ಣ ಸ್ವಚ್ಛತಾ ಆಂದೋಲನ, 2014ರಲ್ಲಿ ಸ್ವಚ್ಛ ಭಾರತ್, ಮನೆಗೆ 12,000 ರೂಪಾಯಿ. ಕಕ್ಕಸು ಎದ್ದು ನಿಂತಿತು. ಕೆಲವು ಮನೆಗಳಲ್ಲಿ ಅದರೊಳಗೆ ಹಿಂಡಿ ಚೀಲ, ಸೌದೆ ಇವೆ. ಇನ್ನು ಕೆಲವೆಡೆ ಅದು ಹೆಂಗಸರಿಗೆ ಮಾತ್ರ, ಗಂಡಸರದು ಈಗಲೂ ಹೊಲದ ದಾರಿ. ಕೇಳಿದರೆ ಎರಡು ಮಾತು: ನೀರಿಲ್ಲ, ಗುಂಡಿ ತುಂಬಿಬಿಡುತ್ತದೆ.

ಕರೆಯುವ ಮಿಶ್ರತಳಿ ಹಸು ದಿನಕ್ಕೆ 50-60 ಲೀಟರ್ ನೀರು ಕುಡಿಯುತ್ತದೆ. ಅಷ್ಟನ್ನು ಹೇಗೋ ಹೊಂಚುತ್ತೇವೆ. ಹಳ್ಳಿಗೆಂದೇ ಮಾಡಿದ, ಇಳಿಜಾರು ಹೆಚ್ಚಿರುವ ಬೇಸಿನ್ನಿಗೆ ಒಂದು ಸಲಕ್ಕೆ 2 ಲೀಟರ್ ಸಾಕು.

ಗುಂಡಿಯ ಭಯಕ್ಕೆ ಮದ್ದು ಎರಡು ಗುಂಡಿ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು 2 ವರ್ಷ ಮುಚ್ಚಿಡಿ. ವಾಸನೆಯಿಲ್ಲದ ಒಣ ಗೊಬ್ಬರವಾಗುತ್ತದೆ. ತಿಪ್ಪೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಳಕ್ಕೆ ಸಿಮೆಂಟು ಬೇಡ. ಗೋಡೆಯಲ್ಲಿ ನೀರು ಇಂಗಲು ಕಿಂಡಿ ಬಿಡಿ. ದೊಡ್ಡದಿರಲಿ ಎಂದು ಹತ್ತು ಹನ್ನೆರಡು ಅಡಿ ಆಳ ತೋಡಿಸುವವರಿದ್ದಾರೆ, ಅದು ಅಂತರ್ಜಲಕ್ಕೆ ಕೇಡು. ಒಂದೇ ಗುಂಡಿಯಿದ್ದರೆ ಹಸಿಯನ್ನೇ ತೆಗೆಯಬೇಕಾಗುತ್ತದೆ. ಅದಕ್ಕೆ ಇನ್ನೊಬ್ಬ ಮನುಷ್ಯನನ್ನು ಇಳಿಸುವುದು 2013ರ ಕಾಯಿದೆಯಂತೆ ಅಪರಾಧ.

ಕೊನೆಗೊಂದು ಮಾತು. ಮಲದಲ್ಲಿ ಬಿಳಿ ಲಾಡಿಯ ಚೂರಿನಂಥದ್ದು ಕಂಡವರು ನಾಚದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ದನಕ್ಕೆ ಕುಡಿಸಿ ಉಳಿದ ಜಂತುನಾಶಕವನ್ನು ಮಾತ್ರ ದಯವಿಟ್ಟು ತಾವು ಕುಡಿಯಬೇಡಿ.