ಮೋಡ, ಜಿಗಿಹುಳು ಮತ್ತು ಔಷಧಿ ಸಾಲ
(ಶ್ರೀನಿವಾಸಪುರ ತಾಲ್ಲೂಕಿನ ಮಾವು ಬೆಳೆಗಾರರ ಸಭೆಯಲ್ಲಿ ಆಡಿದ ಮಾತು)



ನಾನು ಹೈಸ್ಕೂಲಿನವರೆಗೆ ಓದಿದವನು, ವಿಜ್ಞಾನಿ ಅಲ್ಲ. ಆದರೆ ಮೂವತ್ತು ವರ್ಷದಿಂದ ಮಾವಿನ ತೋಟ ಮಾಡ್ತಾ ಇದ್ದೀನಿ. ಈ ಹೊತ್ತು ಜಿಗಿಹುಳುವಿನ ವಿಚಾರ, ಅದರ ಹೆಸರಿನಲ್ಲಿ ನಾವು ಮಾಡುವ ಸಾಲದ ವಿಚಾರ, ಎರಡನ್ನೂ ಒಟ್ಟಿಗೇ ಹೇಳ್ತೀನಿ.

ಈ ಹುಳು ವರ್ಷವಿಡೀ ತೋಟದಲ್ಲೇ ಇರುತ್ತದೆ. ಹೂವಿಲ್ಲದ ಕಾಲದಲ್ಲಿ ತೊಗಟೆಯ ಬಿರುಕಿನಲ್ಲಿ ಅಡಗುತ್ತದೆ. ಪುಷ್ಯ, ಮಾಘದಲ್ಲಿ ಹೂಗೊಂಚಲು ಹೊರಟ ಕೂಡಲೇ ಮೇಲೆ ಬಂದು ಅದರಲ್ಲೇ ಮೊಟ್ಟೆ ಇಡುತ್ತದೆ. ಎರಡು ಮೂರು ವಾರದಲ್ಲಿ ಮರಿ ಬಲಿಯುತ್ತದೆ. ತಾಯಿ, ಮರಿ ಎಲ್ಲವೂ ರಸ ಹೀರಿ ಹೂ ಒಣಗಿ ಉದುರುತ್ತದೆ. ಅವು ಬಿಡುವ ಸಿಹಿ ಅಂಟಿನ ಮೇಲೆ ಮಸಿಯಂಥ ಕಪ್ಪು ಬೂಷ್ಟು ಕಟ್ಟುತ್ತದೆ.

ಬಿಸಿಲು, ಗಾಳಿ ಚೆನ್ನಾಗಿದ್ದರೆ ಹುಳು ಕಮ್ಮಿ. ಹೂವಿನ ಕಾಲದಲ್ಲಿ ಮೋಡ ಕವಿದು ತೇವ ನಿಂತರೆ ಜಾಸ್ತಿ. ಕೊಂಬೆಗೆ ಕೊಂಬೆ ಹೆಣೆದ ತೋಟದಲ್ಲಿ ಮೋಡ ಇಲ್ಲದಿದ್ದರೂ ನೆರಳು, ತೇವ ಇದ್ದೇ ಇರುತ್ತದೆ. ಅದು ನಾವೇ ಮಾಡಿದ ತಪ್ಪು.

ಒಂದು ವರ್ಷ ಮೂರು ದಿನ ಮೋಡ ಹಾಕ್ತು. ನಾನು ಹೆದರಿ ಔಷಧಿ ಅಂಗಡಿಗೆ ಓಡಿದೆ. "ದುಡ್ಡು ಆಮೇಲೆ ಕೊಡು, ತಗೊಂಡು ಹೋಗು" ಅಂದರು. ಹೂ ತುಂಬ ಅರಳಿದ್ದಾಗಲೇ ಹೊಡೆದೆ. ಎಂಟು ದಿನಕ್ಕೆ ಅದೇ ಔಷಧಿ ಮತ್ತೆ ಹೊಡೆದೆ. ಪರಾಗ ಮುಟ್ಟಿಸುವ ಜೇನು, ನೊಣ ಸತ್ತವು. ತೊಗಟೆಯೊಳಗಿನ ಹುಳು ಉಳೀತು. ಕಾಯಿ ಕಚ್ಚಲಿಲ್ಲ. ಅಂಗಡಿ ಬಾಕಿ ತೀರಿಸೋಕೆ ಇದ್ದ ಅಷ್ಟಿಷ್ಟು ಫಸಲನ್ನು ಮರದ ಮೇಲೇ ವ್ಯಾಪಾರಿ ಕೇಳಿದ ಬೆಲೆಗೆ ಕೊಟ್ಟೆ. ಹುಳು ತಿಂದದ್ದಕ್ಕಿಂತ ಸಾಲ ತಿಂದದ್ದೇ ಹೆಚ್ಚು.

ಆಮೇಲೆ ಕಲಿತದ್ದು ಇಷ್ಟು. ಕಾಯಿ ಕಿತ್ತ ಮೇಲೆ ನಡುವಿನ ಕೊಂಬೆ ಕಡಿದು ಮರದೊಳಗೆ ಬಿಸಿಲು ಬೀಳುವಂತೆ ಮಾಡಿ. ಗೊಂಚಲು ಹೊರಟಾಗಿನಿಂದ ಹತ್ತಾರು ಮರದಲ್ಲಿ ಹುಳು ಎಣಿಸಿ. ಗೊಂಚಲಿಗೆ ಐದಕ್ಕಿಂತ ಹೆಚ್ಚಿದ್ದರೆ ಹೂ ಬಿರಿಯುವ ಮೊದಲು ಒಂದು ಸಲ ಹೊಡೆಯಿರಿ, ಕಾಂಡವೂ ನೆನೆಯಲಿ. ಹೂ ಅರಳಿದಾಗ ಮುಟ್ಟಲೇಬೇಡಿ. ಬೇಕಾದರೆ ಕಾಯಿ ಬಟಾಣಿ ಗಾತ್ರ ಆದಾಗ ಇನ್ನೊಂದು ಸಲ, ಬೇರೆ ಔಷಧಿ.

ಮೋಡ ನಮ್ಮ ಮಾತು ಕೇಳೋದಿಲ್ಲ. ಮಂಡಿಯ ಬೆಲೆಯೂ ನಮ್ಮ ಕೈಲಿಲ್ಲ, ಅದಕ್ಕೆ ಒಟ್ಟಾಗಿ ಹೋರಾಡಬೇಕು. ಔಷಧಿ ಖರ್ಚು ಮಾತ್ರ ನಮ್ಮ ಕೈಲಿದೆ. ಮೋಡ ಕಂಡರೆ ಮೊದಲು ತೋಟಕ್ಕೆ ಹೋಗಿ, ಅಂಗಡಿಗಲ್ಲ.