ಕಾಗುಣಿತದ ಕಳೆ
(ಮಧುಗಿರಿಯ ಉಪಾಧ್ಯಾಯರ ಕೂಟದಲ್ಲಿ ಮಾಡಿದ ಭಾಷಣ)



ಈ ಸೀಮೆಯಲ್ಲಿ ಸಂಚರಿಸುವವನಿಗೆ ಒಂದೇ ಊರು ಒಂದು ಹಲಗೆಯಲ್ಲಿ ‘ಶಿರಾ’ ಎಂದೂ ಮತ್ತೊಂದರಲ್ಲಿ ‘ಸಿರಾ’ ಎಂದೂ ಕಾಣುತ್ತದೆ. ಹಿಂದಿನ ಬರಹಗಳ ‘ಮದ್ದಗಿರಿ’ಯು ಇಂದು ಮಧುಗಿರಿಯಾಗಿದೆ. ಕಾಲಕ್ರಮದಲ್ಲಿ ಹೆಸರು ಮಾರ್ಪಡುವುದು ಸಹಜ, ಅದನ್ನು ತಪ್ಪೆನ್ನಲಾರೆನು. ನನ್ನ ದೂರು ಅಜಾಗರೂಕತೆಯ ಮೇಲೆ.

ಮದುವೆಯ ಕರೆಯೋಲೆಯಲ್ಲಿ ‘ಆಶೀರ್ವಾದ’ವು ‘ಆರ್ಶೀವಾದ’ವಾಗುತ್ತದೆ, ಹಬ್ಬದ ಫಲಕದಲ್ಲಿ ‘ಹಾರ್ದಿಕ ಶುಭಾಶಯ’ವು ‘ಹಾರ್ಧಿಕ ಶುಭಾಷಯ’ವಾಗುತ್ತದೆ, ಶಾಲೆಯ ಗೋಡೆಯ ಮೇಲೆಯೇ ‘ವಿದ್ಯಾರ್ಥಿ’ಯು ‘ವಿಧ್ಯಾರ್ಥಿ’ಯಾಗಿ ನಿಲ್ಲುತ್ತಾನೆ. ಇದಕ್ಕೆ ಕಾರಣಗಳುಂಟು. ಅರ್ಕಾವೊತ್ತನ್ನು ಮೊದಲು ಉಚ್ಚರಿಸಿ, ಅಕ್ಷರದ ಮುಂದೆ ಬರೆಯುತ್ತೇವೆ. ಕೈ ಅಲ್ಲಿ ಎಡವುತ್ತದೆ. ಮಹಾಪ್ರಾಣವು ಆಡುಮಾತಿನಲ್ಲಿ ಸ್ಪಷ್ಟವಾಗಿ ಕೇಳಿಸದು. ಬಿಟ್ಟೇನೆಂಬ ಅಂಜಿಕೆಯಿಂದ ಬರೆಯುವವನು ಸಲ್ಲದೆಡೆಯಲ್ಲಿ ಅದನ್ನು ಹಚ್ಚುತ್ತಾನೆ. ಹಳ್ಳಿಗನು ಹಾಲನ್ನು ‘ಆಲು’ ಎಂದರೆ ನಗಬೇಡಿರಿ. ಅದು ಅವನ ಮನೆಯ ಮಾತು. ಪಾವಗಡದ ಕಡೆ ತೆಲುಗು ಮನೆಮಾತಾದ ಮಕ್ಕಳೂ ನಮ್ಮ ಮುಂದೆ ಕುಳಿತಿರುತ್ತಾರೆ. ಅವರಿಗೆ ತಿದ್ದಿ ಹೇಳಬೇಕಾದವರು ನಾವು. ನಾವೇ ತಪ್ಪಿದರೆ ಕೇಳುವವರಾರು?

ಮಳೆ ಕಡಮೆಯಾದ ಈ ತಾಲ್ಲೂಕುಗಳಲ್ಲಿ ‘ಬರ’ ಎಂದು ಬರೆಯಬೇಕಾದ ಅರ್ಜಿಯಲ್ಲಿ ‘ಭರ’ ಎಂದರೆ, ‘ಧನಸಹಾಯ’ವು ‘ದನಸಹಾಯ’ವಾದರೆ, ಓದಿದವರು ನಕ್ಕು ಸುಮ್ಮನಾದಾರು. ಆದರೆ ರೈತನ ಹೆಸರು ಪಹಣಿಯಲ್ಲೊಂದು ಬಗೆ, ಬ್ಯಾಂಕಿನ ಪುಸ್ತಕದಲ್ಲೊಂದು ಬಗೆಯಾದರೆ ಅದು ನಗುವ ಮಾತಲ್ಲ. ಬರೆದವನ ಒಂದು ಒತ್ತಕ್ಷರದ ತಪ್ಪಿಗೆ ಆ ಬಡವನು ಕೂಲಿ ಬಿಟ್ಟು ಕಚೇರಿಗೆ ಅಲೆಯಬೇಕು.

ಇನ್ನು ಚಿಹ್ನೆಗಳು. ಅಲ್ಪವಿರಾಮವು ಅಚ್ಚಿನೊಡನೆ ನಮ್ಮಲ್ಲಿ ಬಳಕೆಗೆ ಬಂದುದು. ಆದರೂ ಇಂದು ಅದಿಲ್ಲದೆ ನಡೆಯದು. ಅಣ್ಣನು ತಮ್ಮನಿಗೆ, ‘ಎತ್ತನ್ನು ಮಾರುವುದು ಬೇಡ ಇಟ್ಟುಕೊಳ್ಳುವುದು’ ಎಂದು ಬರೆದನೆನ್ನಿ. ‘ಬೇಡ’ದ ಮುಂದೆ ನಿಲ್ಲಿಸಿದರೆ ಎತ್ತು ಕೊಟ್ಟಿಗೆಯಲ್ಲುಳಿಯಿತು, ಹಿಂದೆ ನಿಲ್ಲಿಸಿದರೆ ಸಂತೆಗೆ ಹೊರಟಿತು!

ಪರಿಹಾರವು ಕಠಿಣವಲ್ಲ. ಬರೆದುದನ್ನು ಒಮ್ಮೆ ಗಟ್ಟಿಯಾಗಿ ಓದಿರಿ. ಅಚ್ಚಿಗೆ ಹೋಗುವ ಮುನ್ನ ಇನ್ನೊಬ್ಬರಿಗೆ ತೋರಿಸಿರಿ. ಸಂಶಯ ಬಂದಲ್ಲಿ ನಿಘಂಟನ್ನು ತೆರೆಯಿರಿ. ದೂರದ ಜರ್ಮನಿಯಿಂದ ಬಂದ ಕಿಟ್ಟೆಲರು ನಮ್ಮ ನುಡಿಗಳನ್ನು ಕೂಡಿಸಿ 1894ರಲ್ಲಿ ನಿಘಂಟನ್ನು ಪ್ರಕಟಿಸಿದರು. ನಾವು ಅದರ ಹಾಳೆ ತಿರುವಲೂ ಬೇಸರಪಡಬಹುದೇ?

ಹರಿದು ಹಂಚಿದ್ದ ನಾಡು 1956ರ ನವೆಂಬರ್ 1ರಂದು ಒಂದಾಯಿತು. ಅದು ಹಿರಿಯರ ಕೆಲಸವಾಗಿತ್ತು. ಅದರ ಬರಹವನ್ನು ನೆಟ್ಟಗೆ ನಿಲ್ಲಿಸುವುದು ನಮ್ಮ ಕೆಲಸ; ಅದು ನಾಳೆಯ ಕರಿಹಲಗೆಯಿಂದಲೇ ಮೊದಲಾಗಲಿ.