ಇಲಿ ಬೀಳದ ರೋಗಗಳು



 

ಹಳೇ ಮೈಸೂರಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ‘ಇಲಿ ಬಿತ್ತಂತೆ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕಿತ್ತು. ಜನ ಪಾತ್ರೆಪಡಗ ಕಟ್ಟಿಕೊಂಡು, ದನಕರು ಹೊಡೆದುಕೊಂಡು, ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗು ಬೆಂಗಳೂರಿಗೆ ಬಂದದ್ದು 1898ರಲ್ಲಿ. ಅದೇ ವರ್ಷ ಪಾಲ್ ಲೂಯಿ ಸಿಮಂಡ್ ಎಂಬ ವೈದ್ಯರು ಕರಾಚಿಯಲ್ಲಿ ಪ್ರಯೋಗ ಮಾಡಿ, ರೋಗವನ್ನು ಇಲಿಯಿಂದ ಇಲಿಗೆ ದಾಟಿಸುವುದು ಚಿಗಟ ಎಂದು ತೋರಿಸಿದರು. ವಿದ್ವಾಂಸರು ಅದನ್ನು ಒಪ್ಪಲು ವರ್ಷಗಳೇ ಹಿಡಿದವು. ಚಿಗಟದ ವಿಚಾರ ಹಳ್ಳಿಯವರಿಗೂ ಗೊತ್ತಿರಲಿಲ್ಲ, ಆದರೆ ಇಲಿ ಸತ್ತ ಮನೆಯಲ್ಲಿ ಇರಬಾರದು ಎಂಬುದು ಗೊತ್ತಿತ್ತು. ಸತ್ತ ಇಲಿಯ ಮೈ ತಣ್ಣಗಾದ ಮೇಲೆ ಚಿಗಟ ಬೇರೆ ಬಿಸಿ ಮೈ ಹುಡುಕಿಕೊಂಡು ಹೊರಡುತ್ತದೆ. ಅವರು ಊರು ಬಿಟ್ಟದ್ದು ಸರಿಯಾದ ನಿರ್ಧಾರವೇ ಆಗಿತ್ತು.

ಮಂಗನ ಕಾಯಿಲೆಯಲ್ಲೂ ಇದೇ ಆಯಿತು. ಅದು ವೈರಸ್ಸಿನ ರೋಗ, ನಮ್ಮ ಇಂದಿನ ವಿಷಯವಾದ ಪ್ರಾಣಿಗಳ ರಕ್ತದ ಬ್ಯಾಕ್ಟೀರಿಯಾಗಳಿಗೆ ಸೇರಿದ್ದಲ್ಲ. ಆದರೂ 1957ರಲ್ಲಿ ಶಿವಮೊಗ್ಗದ ಕಾಡಂಚಿನಲ್ಲಿ ಮಂಗಗಳು ಸತ್ತು ಬೀಳದಿದ್ದರೆ ಅದನ್ನು ಗುರುತಿಸುವುದು ಇನ್ನೆಷ್ಟು ತಡವಾಗುತ್ತಿತ್ತೋ. ಇಂದಿಗೂ ಮಲೆನಾಡಿನಲ್ಲಿ ಮಂಗ ಸತ್ತರೆ ಸುದ್ದಿ ಮುಟ್ಟಿಸುವ ಜನರಿದ್ದಾರೆ.

ಪ್ರಾಣಿ ಸತ್ತು ಎಚ್ಚರಿಸಿದರೆ ನಾವು ಎಚ್ಚರಗೊಳ್ಳುತ್ತೇವೆ. ನನ್ನ ಚಿಂತೆ ಇರುವುದು ಪ್ರಾಣಿ ಸಾಯದ, ಮಂಕಾಗಿಯೂ ಕೂರದ ಸೋಂಕುಗಳ ಬಗ್ಗೆ.

ಬಾರ್ಟೊನೆಲ್ಲಾ ತೆಗೆದುಕೊಳ್ಳಿ. ಇಲಿಯ ರಕ್ತಕ್ಕೆ ಸೇರಿದ ಈ ಬ್ಯಾಕ್ಟೀರಿಯಾ ಮೊದಲು ಕೆಲವು ದಿನ ರಕ್ತದಿಂದ ಮಾಯವಾಗುತ್ತದೆ. ಆಮೇಲೆ ಹೊರಬಂದು ಕೆಂಪು ರಕ್ತಕಣಗಳ ಒಳಗೆ ನುಗ್ಗುತ್ತದೆ. ಅಲ್ಲಿ ಕೆಲವು ಸಲ ಇಮ್ಮಡಿಸಿ ನಿಂತುಬಿಡುತ್ತದೆ. ಕಣವನ್ನು ಒಡೆಯುವುದಿಲ್ಲ, ಅದರ ಆಯುಸ್ಸು ಇರುವಷ್ಟು ಕಾಲ ಜೊತೆಯಲ್ಲೇ ಸುತ್ತುತ್ತ ಚಿಗಟಕ್ಕಾಗಿ ಕಾಯುತ್ತದೆ. ವಾರಗಟ್ಟಲೆ ಹೀಗೆ ನಡೆದರೂ ಇಲಿ ಮೇಯುತ್ತದೆ, ಮರಿ ಹಾಕುತ್ತದೆ. ಬೆಕ್ಕಿನಲ್ಲಿರುವ ಬಾರ್ಟೊನೆಲ್ಲಾ ಹೆನ್ಸೆಲೇ ಕೂಡ ಹೀಗೆಯೇ. ಚಿಗಟದ ಹಿಕ್ಕೆ ಬೆಕ್ಕಿನ ಉಗುರಿನ ಸಂದಿಗೆ ಸೇರಿ, ಅದು ಪರಚಿದಾಗ ಮನುಷ್ಯನ ಚರ್ಮದೊಳಕ್ಕೆ ಹೋಗುತ್ತದೆ. ಆಡಿಕೊಂಡಿರುವ ಬೆಕ್ಕಿನ ಮರಿಯ ರಕ್ತದಲ್ಲಿ ಇದು ತಿಂಗಳುಗಟ್ಟಲೆ ಇರಬಲ್ಲದು. ಪರಚಿಸಿಕೊಂಡ ಮಗುವಿನ ಕಂಕುಳಲ್ಲಿ ಗಂಟು ಕಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಕ್ಷಯ. ಮನೆಯಲ್ಲಿ ಬೆಕ್ಕಿದೆಯೇ ಎಂಬ ಪ್ರಶ್ನೆಯನ್ನು ಎಷ್ಟು ಮಂದಿ ವೈದ್ಯರು ಕೇಳುತ್ತಾರೆ?

ಕೇಳಿದರೂ ಪ್ರಯೋಗಾಲಯ ಕೈಕೊಡುತ್ತದೆ. ಬಾರ್ಟೊನೆಲ್ಲಾ ಬೆಳೆಯುವುದು ಬಹಳ ನಿಧಾನ. ತಾಜಾ ರಕ್ತ ಬೆರೆಸಿದ ಅಗಾರ್ ತಟ್ಟೆಯಲ್ಲಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿ ಇಟ್ಟರೂ, ಸೂಜಿಮೊನೆಯಷ್ಟು ಕಾಲೊನಿ ಕಾಣಲು ಎರಡು ವಾರ, ಕೆಲವೊಮ್ಮೆ ಆರು ವಾರ ಬೇಕು. ವಾಡಿಕೆಯ ತಟ್ಟೆಗಳನ್ನು ನಾವು ಕೆಲವೇ ದಿನಗಳಲ್ಲಿ ‘ಬೆಳವಣಿಗೆ ಇಲ್ಲ’ ಎಂದು ಬರೆದು ಎಸೆಯುತ್ತೇವೆ. ಆ ಸಾಲು ಬರೆದವರು ಸುಳ್ಳು ಹೇಳಿಲ್ಲ, ಕಾದಿಲ್ಲ ಅಷ್ಟೆ. ಕೆಂಪು ಕಣದ ಹೊರಮೈಗೆ ಅಂಟಿಕೊಳ್ಳುವ ಹೀಮೋಪ್ಲಾಸ್ಮಾಗಳಂತೂ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಅವನ್ನು ಖಚಿತವಾಗಿ ಹಿಡಿಯಲು ಪಿಸಿಆರ್ ಬೇಕು.

ಇಲಿಜ್ವರದ ಲೆಪ್ಟೊಸ್ಪೈರಾ ರಕ್ತದಲ್ಲಿ ಕೆಲವು ದಿನ ತಿರುಗಿ ಇಲಿಯ ಮೂತ್ರಪಿಂಡದಲ್ಲಿ ನೆಲೆಯೂರಿ, ಮೂತ್ರದ ಜೊತೆ ಹೊರಬೀಳುತ್ತದೆ. ಇಲಿಗೆ ಅದರಿಂದ ತೊಂದರೆಯಿಲ್ಲ. ಚರಂಡಿಗೆ ಇಳಿಯುವ ಪೌರಕಾರ್ಮಿಕರಿಗೆ, ಕರಾವಳಿಯ ಗದ್ದೆಯಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳಿಗೆ ತೊಂದರೆ. ಹಾಗಾದರೆ ಇಲಿಗಳನ್ನೇ ಕೊಂದುಬಿಡೋಣ ಎನ್ನುವವರಿಗೆ ವ್ಯಾಂಕೂವರ್ ನಗರದ ಅಧ್ಯಯನ ನೆನಪಿಸುತ್ತೇನೆ. ಅಲ್ಲಿ ಕೆಲವು ಬೀದಿಗಳಲ್ಲಿ ಇಲಿ ಹಿಡಿದು ಕೊಂದ ಮೇಲೆ, ಉಳಿದ ಇಲಿಗಳಲ್ಲಿ ಲೆಪ್ಟೊಸ್ಪೈರಾ ಹೊತ್ತವುಗಳ ಪ್ರಮಾಣ ಏರಿತ್ತು. ಅರ್ಧಂಬರ್ಧ ಕೊಂದರೆ ಉಳಿದವುಗಳ ಓಡಾಟ, ಕಚ್ಚಾಟ ಹೆಚ್ಚುತ್ತದೆ ಎಂಬುದು ಸಂಶೋಧಕರು ಕೊಡುವ ಒಂದು ವಿವರಣೆ. ಪ್ಲೇಗಿನ ಕಾಲದ ಪಾಠವೂ ಇದಕ್ಕೆ ಹತ್ತಿರದ್ದೇ: ಮೊದಲು ಚಿಗಟ, ಆಮೇಲೆ ಇಲಿ. ಪಾಲಿಕೆಗಳು ಪಾಷಾಣ ಇಡುವ ಟೆಂಡರ್ ಕರೆಯುವ ಮುಂಚೆ ನಮ್ಮನ್ನು ಒಂದು ಮಾತು ಕೇಳಲಿ.

ಇನ್ನು ಬೀದಿನಾಯಿ. ಕಂದು ಉಣ್ಣೆ ಹರಡುವ ಎರ್ಲಿಕಿಯಾ ಕೇನಿಸ್ ಎಂಬ ಬ್ಯಾಕ್ಟೀರಿಯಾ ನಾಯಿಯ ಬಿಳಿ ರಕ್ತಕಣದಲ್ಲಿ ವಾಸಿಸುತ್ತದೆ. ಜ್ವರದ ಮೊದಲ ಹಂತ ದಾಟಿದ ನಾಯಿ ವರ್ಷಗಟ್ಟಲೆ ನೆಟ್ಟಗೇ ಕಾಣುತ್ತದೆ. ಒಂದು ದಿನ ಮೂಗಿನಿಂದ ರಕ್ತ ಸೋರಿದಾಗ ಪ್ಲೇಟ್‌ಲೆಟ್ ನೆಲ ಕಚ್ಚಿರುತ್ತದೆ. ಅಷ್ಟರೊಳಗೆ ಅದರ ಮೈಮೇಲಿನ ಉಣ್ಣೆಗಳು ರೋಗವನ್ನು ಬೀದಿಯಲ್ಲಿ ಹಂಚಿರಬಹುದು.

ಸಂತಾನಹರಣ ಕೇಂದ್ರಗಳಲ್ಲಿ ನಾಯಿಗೆ ಅರಿವಳಿಕೆ ಕೊಟ್ಟು, ಶಸ್ತ್ರಕ್ರಿಯೆ ಮುಗಿಸಿ, ಗುರುತಿಗೆಂದು ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸುವುದನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿ ಒಂದು ಹನಿ ರಕ್ತ ಜಿನುಗುತ್ತದೆ. ಸಹಾಯಕ ಅದನ್ನು ಹತ್ತಿಯಿಂದ ಒತ್ತಿ, ಹತ್ತಿಯನ್ನು ಬಕೆಟ್ಟಿಗೆ ಹಾಕುತ್ತಾನೆ. ರಕ್ತದಲ್ಲಿರುವ ಇಂಥ ಜೀವಿಗಳನ್ನು ಹುಡುಕಲು ನಮ್ಮ ಪಠ್ಯಪುಸ್ತಕಗಳು ಹೇಳುವುದು ಆ ಕಿವಿಯಂಚಿನ ರಕ್ತವನ್ನೇ! ನಾಯಿಗೆ ಹೊಸ ನೋವಿಲ್ಲ, ಪಾಲಿಕೆಗೆ ಹೊಸ ಖರ್ಚು ಹೆಚ್ಚಿಲ್ಲ. ಹೀಗಿದ್ದೂ ಊರಿನ ನಾಯಿಗಳ ರಕ್ತದ ಇತಿಹಾಸ ಬಕೆಟ್ಟಿಗೆ ಹೋಗುತ್ತಿದೆ. ನನಗೆ ಇದನ್ನು ನೋಡಿ ಸಂಕಟವಾಗುತ್ತದೆ.

ಕಾಡಿನಲ್ಲೂ ಇದೇ ಕತೆ. ಊರಿಗೆ ನುಗ್ಗಿದ ಚಿರತೆಗೆ ಅರಿವಳಿಕೆ ಕೊಟ್ಟು ಸಾಗಿಸುವಾಗ ಎಲ್ಲರಿಗೂ ಅವಸರ, ಅದು ಸಹಜ. ಆದರೂ ಸೂಜಿ ಚುಚ್ಚಿದ ಕೈ ಒಂದು ನಿಮಿಷ ನಿಂತು ಎರಡು ಹನಿ ತೆಗೆದಿಡಬಹುದು.

ಈ ಸಮ್ಮೇಳನ ಒಂದು ನಿರ್ಣಯ ಮಾಡುವುದಾದರೆ, ನನ್ನ ಕೋರಿಕೆ ಇಷ್ಟು. ಅರಿವಳಿಕೆಯಲ್ಲಿ ಮಲಗಿದ ಪ್ರತಿ ಪ್ರಾಣಿಯಿಂದ ಗಾಜಿನ ಸ್ಲೈಡಿನ ಮೇಲೆ ಒಂದು ರಕ್ತದ ಸ್ಮಿಯರ್, ಸೋಸುಕಾಗದದ ಮೇಲೆ ಒಂದು ಒಣಗಿದ ಹನಿ. ಸ್ಮಿಯರಿನಲ್ಲಿ ಏನೂ ಕಾಣದಿದ್ದರೆ ಸೋಂಕಿಲ್ಲ ಎಂದು ಅರ್ಥವಲ್ಲ, ಅದಕ್ಕೇ ಪಿಸಿಆರ್‌ಗಾಗಿ ಕಾಗದ. ಸ್ಲೈಡಿನ ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಕು, ಹಿಡಿದ ಜಾಗ, ಅಂದಾಜು ವಯಸ್ಸು, ಉಣ್ಣೆ ಅಥವಾ ಚಿಗಟ ಇತ್ತೇ ಎಂಬುದು ಇರಲಿ. ಆ ಪೆಟ್ಟಿಗೆಗಳು ಪಶುವೈದ್ಯ ಕಾಲೇಜಿನಲ್ಲಿ ಇರಲಿ, ಜಿಲ್ಲಾ ಆಸ್ಪತ್ರೆಯ ವೈದ್ಯರೂ ಬಂದು ನೋಡುವಂತಿರಲಿ. ಕರಡನ್ನು ನಾನು ತಂದಿದ್ದೇನೆ. ಮಧ್ಯಾಹ್ನದ ಗೋಷ್ಠಿಯಲ್ಲಿ ಅದನ್ನು ತಿದ್ದಿ, ಸಂಜೆಯೊಳಗೆ ಸಹಿ ಹಾಕಿಕೊಡಿ.